‘ಮಡಿ ಏರಿಳಿತ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಯಾದೃಚ್ಛಿಕ ನಡಿಗೆಯ ಬಗ್ಗೆ ಬರೆಯುತ್ತಿದ್ದೇನೆ. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1905ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಕಾಗದದಿಂದ ಬಂದ ‘ರ‍್ಯಾಂಡಮ್ ವಾಕ್’ ಇದು. ಆ ಹೆಸರಿಗೆ ತಕರಾರಿಲ್ಲ. ಆಸಿಲೇಶನ್ (ತೂಗಾಟ), ಸ್ಕೇಲಿಂಗ್ (ಅಳತೆ ಇಷ್ಟು ಮಡಿ ಎಂದು ಬದಲಾಗುವುದು) ಎರಡೂ ಒಂದೇ ಕಡೆ ಕೂಡಿದಾಗ ಪದಕ್ಕೆ ತಡಕಾಡುವಂತಾಗಿದೆ.

ವಿಷಯ ಹೀಗಿದೆ. ಗೆರೆಯ ಮೇಲೆ ಎಡಕ್ಕೋ ಬಲಕ್ಕೋ ಗೊತ್ತುಗುರಿಯಿಲ್ಲದೆ ಹೆಜ್ಜೆಯಿಟ್ಟರೆ 100 ಹೆಜ್ಜೆಗೆ ಸುಮಾರು 10 ಹೆಜ್ಜೆಯಷ್ಟು ದೂರ, 10,000ಕ್ಕೆ ಸುಮಾರು 100. ದೂರ ಇಮ್ಮಡಿಯಾಗಲು ಹೆಜ್ಜೆ ನಾಲ್ಕು ಮಡಿ ಬೇಕು. ತ್ರಿಕೋನದೊಳಗೆ ತ್ರಿಕೋನ ಕೊರೆಯುತ್ತ ಹೋದ ಸಿಯರ್ಪಿನ್‌ಸ್ಕಿ ಜಾಲದಲ್ಲಿ ಅದಕ್ಕೆ ಐದು ಮಡಿ ಹೆಜ್ಜೆ ಬೇಕು. ಹೊರಟ ಮೂಲೆಯಲ್ಲೇ ಮತ್ತೆ ಇರುವ ಸಂಭಾವ್ಯತೆ, ಹೆಜ್ಜೆ ಐದು ಮಡಿಯಾದಾಗೆಲ್ಲ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಲಘುಗಣಕದ (ಲಾಗರಿದಮ್) ಅಳತೆಯಲ್ಲಿ, ಅಂದರೆ ಐದು ಮಡಿಯಾದಾಗೆಲ್ಲ ಒಂದೇ ಅಂತರ ಬರುವಂತೆ, ನಕ್ಷೆ ಬರೆದರೆ ನೇರ ಗೆರೆಯಂತೆಯೇ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಆ ಗೆರೆಯ ಮೇಲೆ ಕೆಳಗೆ ತೀರಾ ಸಣ್ಣ ತೂಗಾಟವಿದೆ. ಎಷ್ಟು ದೂರ ನಡೆದರೂ ಅದು ಅಳಿಯುವುದಿಲ್ಲ ಎಂದು ಗಣಿತಜ್ಞರಾದ ಗ್ರಾಬ್ನರ್ ಮತ್ತು ವೋಸ್ 1997ರಲ್ಲಿ ಸಾಧಿಸಿದರು. ನನಗೆ ಇದು ಬಹಳ ಚೆಲುವಾದ ಸಂಗತಿ. ಜಾಲದ ಕಟ್ಟಡವೇ ನಡಿಗೆಯಲ್ಲಿ ಗುರುತು ಬಿಟ್ಟಿದೆ.

ಈ ತೂಗಾಟಕ್ಕೆ ಏನೆನ್ನೋಣ? ‘ಆಂದೋಲನ’ ಎಂದರೆ ಈಗ ಚಳವಳಿಯೇ ಮೊದಲು ನೆನಪಾಗುತ್ತದೆ. ‘ಕಂಪನ’ದಲ್ಲಿ ನಡುಕವಿದೆ. ‘ಆವರ್ತಕ’ (ಪೀರಿಯಾಡಿಕ್) ಎಂದರೆ ಓದುಗರು 5, 10, 15 ಎಂದು ಸಮನಾದ ಅಂತರವನ್ನು ಎಣಿಸುತ್ತಾರೆ. ಇಲ್ಲಿ ತೂಗಾಟ ಮರುಕಳಿಸುವುದು ಹೆಜ್ಜೆ ಐದು ಮಡಿಯಾದಾಗೆಲ್ಲ: 5, 25, 125, 625. ‘ಲಘುಗಣಕ ಆವರ್ತಕ’ ಕರಾರುವಾಕ್ಕು, ಆದರೆ ಲಘುಗಣಕ ಗೊತ್ತಿಲ್ಲದವರಿಗೆ ಏನೂ ಹೊಳೆಯದು.

ಇಮ್ಮಡಿ, ಮುಮ್ಮಡಿಗಳ ‘ಮಡಿ’ ಹಿಡಿದು ‘ಮಡಿ ಏರಿಳಿತ’ ಎಂದುಕೊಂಡೆ. ಹಿಂದೆ ಸಂಖ್ಯೆಯಿಲ್ಲದಿದ್ದರೆ ‘ಮಡಿ’ಗೆ ಶುದ್ಧಿಯ ಅರ್ಥವೇ ಮುಂದಾಗುತ್ತದೆ. ‘ಐದು ಮಡಿಯ ಏರಿಳಿತ’ ಈ ಜಾಲಕ್ಕೆ ಸರಿ, ಆದರೆ ಬೇರೆ ಜಾಲಗಳಲ್ಲಿ ಮಡಿಯ ಲೆಕ್ಕ ಬೇರೆ. ‘ಪಟ್ಟು’ ಹೆಚ್ಚು ಬಳಕೆಯದು, ಅದಕ್ಕೂ ಹಟದ ಅರ್ಥ ಅಂಟಿಕೊಂಡಿದೆ.

ಸಂಖ್ಯೆ ಜೊತೆಗಿಲ್ಲದೆಯೂ ‘ಇಷ್ಟು ಪಾಲು ಹೆಚ್ಚು’ ಎಂಬ ಅರ್ಥದಲ್ಲಿ ‘ಮಡಿ’ ಬಂದಿರುವ ಪ್ರಯೋಗ ಹಳಗನ್ನಡದಲ್ಲೋ ನಿಮ್ಮ ಕಡೆಯ ಮಾತಿನಲ್ಲೋ ಇದೆಯೇ? ಇದ್ದರೆ ಆ ವಾಕ್ಯವನ್ನು ಪೂರ್ತಿಯಾಗಿ ಬರೆದು ಕಳಿಸಿ.