‘ಬಹುಮತ’ ಎಂದರೆ ಯಾವುದರ ಬಹುಮತ? 1824ರ ಅಮೆರಿಕದ ಚುನಾವಣೆ

ಪ್ರಶ್ನೆ: ‘1824ರಲ್ಲಿ ಆಂಡ್ರ್ಯೂ ಜಾಕ್ಸನ್‌ಗೆ ಬಹುಮತ ಬಂದರೂ ಜಾನ್ ಕ್ವಿನ್ಸಿ ಆಡಮ್ಸ್ ಅಧ್ಯಕ್ಷರಾದರು’ ಎಂಬ ವಾಕ್ಯ ಓದಿದವರು, ಬಹುಮತ ಬಂದ ಮೇಲೆ ಸೋತಿದ್ದು ಹೇಗೆ ಎಂದು ಕೇಳುತ್ತಾರೆ. ಇಂಗ್ಲಿಷ್ ಮೂಲದಲ್ಲಿರುವುದು ‘ಪ್ಲುರಾಲಿಟಿ’, ಅಂದರೆ ಉಳಿದ ಪ್ರತಿಯೊಬ್ಬರಿಗಿಂತ ಹೆಚ್ಚು ಮತ, ಅರ್ಧ ದಾಟಬೇಕೆಂದಿಲ್ಲ. ಅದನ್ನು ‘ಸರಳ ಬಹುಮತ’ ಎಂದು ತಿದ್ದಬಹುದೇ?

ಉತ್ತರ: ಬೇಡಿ, ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ನಮ್ಮ ಪತ್ರಿಕೆಗಳಲ್ಲಿ ಸರಳ ಬಹುಮತ ಎಂದರೆ ಅರ್ಧಕ್ಕಿಂತ ಹೆಚ್ಚು. 224 ಸ್ಥಾನಗಳ ವಿಧಾನಸಭೆಯಲ್ಲಿ 113. ಜಾಕ್ಸನ್‌ಗೆ ಇಲ್ಲದಿದ್ದುದು ಅದೇ. ಅಮೆರಿಕದಲ್ಲಿ ಅಧ್ಯಕ್ಷರಿಗೆ ಮತ ಹಾಕುವವರು ರಾಜ್ಯಗಳು ಆರಿಸಿ ಕಳಿಸುವ ‘ಎಲೆಕ್ಟರ್’ ಎಂಬ ಪ್ರತಿನಿಧಿಗಳು. ಒಟ್ಟು 261 ಎಲೆಕ್ಟರ್ ಮತಗಳಲ್ಲಿ ಜಾಕ್ಸನ್‌ಗೆ 99, ಆಡಮ್ಸ್‌ಗೆ 84, ವಿಲಿಯಂ ಕ್ರಾಫರ್ಡ್‌ಗೆ 41, ಹೆನ್ರಿ ಕ್ಲೇಗೆ 37 ಬಂದವು. ಬೇಕಿದ್ದುದು 131. ಈ ಭೇದ ನಮ್ಮ ಮಾತಿನಲ್ಲಿ ಆಗಲೇ ಇದೆ: 2018ರಲ್ಲಿ 104 ಸ್ಥಾನ ಗೆದ್ದ ಬಿಜೆಪಿಯನ್ನು ‘ಅತಿ ದೊಡ್ಡ ಪಕ್ಷ’ ಎಂದೆವು, ವಿಧಾನಸಭೆಯನ್ನು ‘ಅತಂತ್ರ’ ಎಂದೆವು. ಹಾಗೆಯೇ ಇಲ್ಲಿ ‘ಅತಿ ಹೆಚ್ಚು ಮತ’ ಎಂದರೆ ಸಾಕು. ಹೊಸ ಪದ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ.

ಬಹುಮತ ಎಂದು ಬರೆಯುವಾಗಲೂ ಯಾವುದರ ಬಹುಮತ ಎಂದು ಹೇಳಿಬಿಡಬೇಕು. 1800ರ ಚುನಾವಣೆಯನ್ನೇ ನೋಡಿ. 138 ಎಲೆಕ್ಟರ್‌ಗಳು, ತಲಾ ಎರಡು ಮತ, ಒಟ್ಟು 276. ಆದರೆ ಬಹುಮತದ ಲೆಕ್ಕ ಹಿಡಿಯುವುದು ಎಲೆಕ್ಟರ್‌ಗಳ ಸಂಖ್ಯೆಯಿಂದ, ಅಂದರೆ 70. ಒಂದೇ ಪಕ್ಷದಿಂದ ಅಧ್ಯಕ್ಷ ಹುದ್ದೆಗೆ ನಿಂತ ಥಾಮಸ್ ಜೆಫರ್ಸನ್‌ಗೂ ಉಪಾಧ್ಯಕ್ಷ ಹುದ್ದೆಗೆ ನಿಂತ ಆರನ್ ಬರ್‌ಗೂ 73 ಬಂದು ಇಬ್ಬರಿಗೂ ಬಹುಮತವಾಯಿತು! ತಲಾ ಎರಡು ಮತ ಎಂಬುದನ್ನು ಮೊದಲೇ ಹೇಳದಿದ್ದರೆ ಓದುಗರು ಇದನ್ನು ಅಚ್ಚಿನ ತಪ್ಪೆಂದೇ ತಿಳಿಯುತ್ತಾರೆ. ಯಾವ ಮತ ಅಧ್ಯಕ್ಷ ಹುದ್ದೆಗೆ, ಯಾವುದು ಉಪಾಧ್ಯಕ್ಷ ಹುದ್ದೆಗೆ ಎಂದು ಗುರುತಿಸುವ ಪದ್ಧತಿ ಆಗ ಇರಲಿಲ್ಲ. ಎದುರಾಳಿ ಫೆಡರಲಿಸ್ಟರು ರೋಡ್ ಐಲೆಂಡಿನ ಒಂದು ಮತವನ್ನು ಜಾನ್ ಜೇಗೆ ಹಾಕಿಸಿ, ತಮ್ಮ ಅಧ್ಯಕ್ಷ ಅಭ್ಯರ್ಥಿ ಜಾನ್ ಆಡಮ್ಸ್ (ಜಾನ್ ಕ್ವಿನ್ಸಿಯವರ ತಂದೆ) 65, ಉಪಾಧ್ಯಕ್ಷ ಅಭ್ಯರ್ಥಿ ಪಿಂಕ್ನಿ 64 ಆಗುವಂತೆ ನೋಡಿಕೊಂಡಿದ್ದರು. ಜೆಫರ್ಸನ್ ಕಡೆಯವರು ಆ ಒಂದು ಮತ ತಪ್ಪಿಸಲಿಲ್ಲ, ಸಮಮತವಾಯಿತು.

ಹೀಗೆ ಸಮಮತವಾಗಿ ಆಯ್ಕೆ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಹೋದಾಗ ಲೆಕ್ಕ ಮತ್ತೆ ಬದಲಾಗುತ್ತದೆ: ರಾಜ್ಯಕ್ಕೊಂದು ಮತ. 16 ರಾಜ್ಯಗಳಲ್ಲಿ ಜೆಫರ್ಸನ್‌ಗೆ 8, ಬರ್‌ಗೆ 6; ಮೇರಿಲ್ಯಾಂಡ್ ಮತ್ತು ವರ್ಮಾಂಟ್ ಪ್ರತಿನಿಧಿಗಳು ಸಮನಾಗಿ ಒಡೆದಿದ್ದರಿಂದ ಅವುಗಳ ಮತ ಯಾರಿಗೂ ಸೇರಲಿಲ್ಲ. ನಮ್ಮಲ್ಲಿನ ‘ಹಾಜರಿದ್ದು ಮತ ನೀಡಿದವರ ಬಹುಮತ’ ಸಾಕಾಗಿದ್ದರೆ 14ರಲ್ಲಿ 8 ಗೆಲುವೇ. ಅಲ್ಲಿ ಬೇಕಿದ್ದುದು ಒಟ್ಟು ರಾಜ್ಯಗಳ ಬಹುಮತ, ಅಂದರೆ 9. ಹೀಗಾಗಿ 35 ಸುತ್ತು ಹಾಗೇ ನಿಂತು, 1801ರ ಫೆಬ್ರುವರಿ 17ರಂದು 36ನೇ ಸುತ್ತಿನಲ್ಲಿ ಜೆಫರ್ಸನ್‌ಗೆ 10 ರಾಜ್ಯಗಳು ದಕ್ಕಿದವು.

‘ಎಲೆಕ್ಟರ್’ ಅನ್ನು ‘ಮತದಾರ’ ಎನ್ನುವುದೂ ಬೇಡ. 1824ರಲ್ಲೂ ಆರು ರಾಜ್ಯಗಳಲ್ಲಿ ಎಲೆಕ್ಟರ್‌ಗಳನ್ನು ಆರಿಸಿದ್ದು ಶಾಸನಸಭೆ, ಜನರಲ್ಲ. ಎಲೆಕ್ಟರ್ ಎಂದೇ ಉಳಿಸಿ, ಮೊದಲ ಸಲ ಬಂದಾಗ ಅರ್ಥ ಬಿಡಿಸಿ.

ಇನ್ನೊಂದು ಎಚ್ಚರ. ಯಾರಿಗೂ ಬಹುಮತ ಬಾರದಿದ್ದರೆ ಮೊದಲ ಐವರಲ್ಲಿ ಒಬ್ಬರನ್ನು ಸಭೆ ಆರಿಸಬೇಕೆಂಬುದು ಹಳೆಯ ನಿಯಮ. 1804ರ 12ನೇ ತಿದ್ದುಪಡಿ ಅದನ್ನು ಮೂವರಿಗೆ ಇಳಿಸಿತು. ನಾಲ್ಕನೆಯವರಾದ ಕ್ಲೇ ಹೊರಗುಳಿದದ್ದು ಇದರಿಂದಲೇ.

ನಿಮ್ಮ ವಾಕ್ಯ ಹೀಗಿರಲಿ: ‘ಜಾಕ್ಸನ್‌ಗೆ ಅತಿ ಹೆಚ್ಚು ಎಲೆಕ್ಟರ್ ಮತ ಬಂದರೂ ಬಹುಮತ ಯಾರಿಗೂ ಬರಲಿಲ್ಲ; 1825ರ ಫೆಬ್ರುವರಿ 9ರಂದು ಪ್ರತಿನಿಧಿ ಸಭೆಯಲ್ಲಿ 24 ರಾಜ್ಯಗಳ ಪೈಕಿ 13 ಪಡೆದು ಆಡಮ್ಸ್ ಆಯ್ಕೆಯಾದರು.’