ಕಾಸ್‌ಪ್ಲೇಗೆ ‘ಸೋಗು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕಾಗಿ ಎರಡು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ.

ನಮ್ಮ ಅಕ್ಕನ ಮಗಳಿಗೆ ಕಾಸ್‌ಪ್ಲೇ ಹುಚ್ಚು. ಜಪಾನಿ ಕಾರ್ಟೂನು, ವಿಡಿಯೋ ಗೇಮುಗಳಲ್ಲಿ ಬರುವ ಪಾತ್ರದ ಹಾಗೇ ಬಟ್ಟೆ ಹೊಲಿದು, ಕವಚ ಮಾಡಿ, ವಿಗ್ಗು ಹಾಕಿಕೊಂಡು, ನಿಲುವು ನೋಟ ಎಲ್ಲ ಆ ಪಾತ್ರದ್ದೇ ಮಾಡಿಕೊಳ್ಳುವುದು. ಬೆಳಗಾವಿಯಲ್ಲಿ ಓದುತ್ತಾಳೆ. ಈ ಸಲ ಕಾಲೇಜಿನ ಗ್ಯಾದರಿಂಗ್‌ನಲ್ಲಿ ಅವಳ ಹನ್ನೆರಡು ಫೋಟೋ ಇಡುತ್ತಾರಂತೆ. ಮೇಲಿನ ಬೋರ್ಡು ಕನ್ನಡದಲ್ಲೇ ಇರಬೇಕು, ಪದ ಹೇಳು ಚಿಗವ್ವ ಅಂತ ಗಂಟುಬಿದ್ದಿದ್ದಾಳೆ.

ಫೋಟೋ ತೆಗೆದದ್ದು ಜನವರಿಯಲ್ಲಿ, ಬನಶಂಕರಿ ಜಾತ್ರೆಗೆ ಬಂದಾಗ. ಬಾದಾಮಿ ಗುಹೆಗಳ ಮುಂದೆ ಟ್ರೈಪಾಡ್ ಇಟ್ಟು ತೆಗೆಯಬೇಕು ಅಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಆ ಉಸಾಬರಿ ಬೇಡ ಅಂತ ಮಹಾಕೂಟಕ್ಕೆ ಹೋಗುವ ಗುಡ್ಡದ ಕಾಲುದಾರಿ ಹಿಡಿದೆವು. ಕೆಂಪು ಕಲ್ಲು, ಒಣ ಹುಲ್ಲು, ಕವಳಿ ಕಂಟಿ. ಸೊಂಟದವರೆಗೆ ಇಳಿಬಿದ್ದ ಬೆಳ್ಳಿ ಬಣ್ಣದ ವಿಗ್ಗು ಹತ್ತು ಹೆಜ್ಜೆಗೊಮ್ಮೆ ಕಂಟಿಗೆ ಸಿಕ್ಕಿಕೊಳ್ಳುತ್ತಿತ್ತು. ನಾನು ಹಿಂದೆ ಬಗ್ಗಿ ಬಗ್ಗಿ ಮುಳ್ಳು ಬಿಡಿಸುವುದು. ಕಾರಿನೊಳಗೆ ಬಿಸಿಲಿಗೆ ಬಿಟ್ಟಿದ್ದ ಎಡ ಭುಜದ ಕವಚದ್ದು ಇನ್ನೊಂದು ಕತೆ. ಗ್ಲೂ ಗನ್ನಿನ ಅಂಟು ಮೆತ್ತಗಾಗಿ, ಫೋಮ್ ಹಾಳೆ ರೊಟ್ಟಿಯ ಹಾಗೆ ಪದರು ಬಿಟ್ಟಿತ್ತು. ಸೇಫ್ಟಿ ಪಿನ್ನು ಹಾಕಿ ಹೆಂಗೋ ನಿಲ್ಲಿಸಿದೆವು.

ಹೊತ್ತಿಳಿಯುವ ಸಮಯಕ್ಕೆ ಅವಳು ಬಂಡೆ ಮೇಲೆ ಕತ್ತಿ ಹಿಡಿದು ನಿಂತಳು. ನಾನು ಥರ್ಮಾಕೋಲ್ ಹಲಗೆಯಿಂದ ಮುಖಕ್ಕೆ ಬೆಳಕು ಎರಚುತ್ತಿದ್ದೆ. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಒಬ್ಬ ಮುದುಕಪ್ಪ ಬಂದ. ಕೋಲಿಗೆ ಗದ್ದ ಊರಿ ನೋಡಿದ. ಅವನು ಸಿನಿಮಾ ಶೂಟಿಂಗಾ ಅಂತ ಕೇಳುತ್ತಾನೆ ಅಂದುಕೊಂಡಿದ್ದೆ.

“ಯಾವ ಸೋಗವಾ ಇದು? ಹೋಳಿ ಹುಣ್ಣಿಮಿ ಇನ್ನೂ ದೂರ ಐತಲ್ಲ?” ಅಂದ.

ನನಗೆ ಕೈಯಲ್ಲಿದ್ದ ಹಲಗೆ ಬಿಟ್ಟು ಕುಣಿಯಬೇಕು ಅನ್ನಿಸಿತು. ನಾನು ಡಿಕ್ಷನರಿ ತಿರುವುತ್ತಾ ಕೂತಿದ್ದೆ, ಪದ ಕುರಿ ಹಿಂದೆ ನಡೆದುಕೊಂಡು ಬಂತು. ಬಾಗಲಕೋಟೆಯ ಹೋಳಿ ನೋಡಿದವರಿಗೆ ಸೋಗಿನ ಬಂಡಿ ಗೊತ್ತೇ ಇರುತ್ತದೆ. ಕಿಲ್ಲಾ, ಹಳಪೇಟೆ ಅಂತ ಒಂದೊಂದು ಕಡೆಯವರು ಪುರಾಣದ, ಇತಿಹಾಸದ ಪಾತ್ರಗಳ ಹಾಗೆ ಸಿಂಗರಿಸಿಕೊಂಡು ಬಂಡಿ ಮೇಲೆ ಬರುತ್ತಾರೆ, ಮುಂದೆ ಹಲಗೆ ಬಡಿತ. ಅಲ್ಲಿ ನಾಟಕದ ಹಾಗೆ ಕತೆ ನಡೆಸಬೇಕಾಗಿಲ್ಲ. ಪಾತ್ರವಾಗಿ ಕಾಣಿಸಿಕೊಂಡರೆ ಸಾಕು. ಕಾಸ್‌ಪ್ಲೇನೂ ಅದೇ ಅಲ್ವಾ?

ಆದರೆ ಹುಡುಗಿ ಒಪ್ಪಲಿಲ್ಲ. “ಸೋಗು ಅಂದ್ರ ಸೋಗಲಾಡಿ ಅಂದಂಗ ಆಕ್ಕೈತಿ ಚಿಗವ್ವಾ. ನಾಕು ತಿಂಗಳು ಕುಂತು ಮಾಡೇನಿ.” ಅವಳ ಮಾತೂ ಸುಳ್ಳಲ್ಲ. ‘ಸೋಗು ಹಾಕಬ್ಯಾಡ’ ಅಂದರೆ ನಾಟಕ ಮಾಡಬೇಡ ಅಂತಲೇ ಅರ್ಥ. ಅವಳ ಮರಾಠಿ ಗೆಳತಿಯರಿಗೂ ‘ಸೋಂಗ್’ ಅಂದರೆ ವೇಷವೂ ಹೌದು, ಢೋಂಗಿತನವೂ ಹೌದು. ಹಿಂದಿಯಲ್ಲಿ ಸ್ವಾಂಗ್ ಇದೆ. ಮೂರೂ ಒಂದೇ ಬಳ್ಳಿಯ ಕಾಯಿ ಅಂತ ನನ್ನ ಅನುಮಾನ, ಬಲ್ಲವರು ಹೇಳಿ.

ಬೇರೆ ಪದಗಳನ್ನೂ ನೋಡಿದೆ. ‘ಛದ್ಮವೇಷ’ ಶಾಲೆಯ ಸ್ಪರ್ಧೆಗೆ ಅಂಟಿಕೊಂಡುಬಿಟ್ಟಿದೆ, ಅಲ್ಲದೆ ಛದ್ಮ ಅಂದರೆ ಮೋಸ, ಮರೆಮಾಚುವುದು. ಸೋಗಿಗಿಂತ ಅದೇನು ದೊಡ್ಡ ಮರ್ಯಾದೆಯ ಪದವಲ್ಲ! ‘ಹಗಲುವೇಷ’ ಆ ಕಲೆಯನ್ನೇ ನಂಬಿ ಬದುಕಿದ ಜನರ ಹೆಸರು, ಅದನ್ನು ಸುಮ್ನೆ ಎತ್ತಿಕೊಳ್ಳಬಾರದು ಅನ್ನಿಸುತ್ತದೆ. ‘ಬಣ್ಣ ಹಚ್ಚುವುದು’ ಅಂದರೆ ನಾಟಕ ಕಂಪನಿಯೇ ಕಣ್ಣಮುಂದೆ ಬರುತ್ತದೆ. ಹಾಗೇ ಕಾಸ್‌ಪ್ಲೇ ಅಂತ ಇಟ್ಟುಕೊಳ್ಳಿ ಅನ್ನುವವರೂ ಇದ್ದಾರೆ. ಇಟ್ಟುಕೊಳ್ಳಬಹುದು. ಅದೂ ಇಂಗ್ಲಿಷಿನಿಂದ ನೇರ ಬಂದದ್ದಲ್ಲ. ಕಾಸ್ಟ್ಯೂಮ್, ಪ್ಲೇ ಎರಡನ್ನೂ ಜಪಾನಿನವರು ತಮ್ಮ ನಾಲಿಗೆಗೆ ಬೇಕಾದಂತೆ ಕತ್ತರಿಸಿ 1980ರ ದಶಕದಲ್ಲಿ ‘ಕೊಸುಪುರೆ’ ಮಾಡಿಕೊಂಡರು. ಅವರು ಕತ್ತರಿಸಬಹುದಾದರೆ ನಾವು ಯಾಕೆ ಹೆದರಬೇಕು?

ಸಣ್ಣ ಪದಗಳಿಗೆ ತೊಂದರೆಯಾಗಲಿಲ್ಲ. ಗೋಲ್ಡನ್ ಅವರ್ ಅಂತ ಅವಳು ಹೇಳುವ ಬೆಳಕಿಗೆ ‘ಹೊಂಬಿಸಿಲು’ ತಯಾರಾಗೇ ಇತ್ತು. ಅಂಟು ಬಿಟ್ಟಿದ್ದ ಭುಜದ ಕವಚವನ್ನು ಮನೆಯಲ್ಲಿ ನಮ್ಮಪ್ಪ ಎತ್ತಿ ನೋಡಿದರು. ಹರೆಯದಲ್ಲಿ ದೊಡ್ಡಾಟದಲ್ಲಿ ಪಾರ್ಟು ಮಾಡಿದವರು. “ಇದು ಭುಜಕೀರ್ತಿ ಅಲ್ಲೇನು?” ಅಂದರು. ಆಮೇಲೆ ತಾವೇ ಕೂತು, ಒಳಗಡೆ ಬಟ್ಟೆಯ ಪಟ್ಟಿ ಕೊಟ್ಟು, ಬಗಲಿನ ಕೆಳಗೆ ದಾರ ಹಾಯಿಸಿ ಕಟ್ಟುವುದನ್ನು ಮೊಮ್ಮಗಳಿಗೆ ತೋರಿಸಿದರು. ಅಂಟಿನ ಗೊಡವೆಯೇ ಬೇಡ. ಅವತ್ತಿನಿಂದ ಅವಳು ಫೋನಿನಲ್ಲಿ ಗೆಳತಿಯರಿಗೂ ಭುಜಕೀರ್ತಿ ಅಂತಲೇ ಹೇಳುತ್ತಿದ್ದಾಳೆ. ಸೋಗಿಗೆ ಮಾತ್ರ ಇನ್ನೂ ಮೂಗು ಮುರಿಯುತ್ತಾಳೆ.

ಈಗ ನನ್ನ ಪ್ರಶ್ನೆ. ವಿಜಯಪುರದ ಕಡೆಯವರೇ, ಮೊಹರಂನಲ್ಲಿ ಹುಲಿ ಆಗುವವರಿಗೆ ನಿಮ್ಮಲ್ಲಿ ಸೋಗು ಅನ್ನುತ್ತೀರೋ, ವೇಷ ಅನ್ನುತ್ತೀರೋ? ಸೋಗು ಅಂದರೆ ಬೈಗುಳ ಅನ್ನಿಸುತ್ತದೆಯೋ, ಇಲ್ಲವೋ? ಮಾಡುವವರನ್ನು ‘ಸೋಗಿನವರು’ ಅಂತ ಕರೆಯುವ ರೂಢಿ ಎಲ್ಲಾದರೂ ಇದೆಯೇ? ‘ಗುಡ್ಡದಾಗಿನ ಸೋಗು’ ಅಂತ ಬೋರ್ಡಿಗೆ ಒಂದು ಸಾಲು ಬರೆದಿಟ್ಟಿದ್ದೇನೆ. ಶುಕ್ರವಾರ ಪ್ರಿಂಟಿಗೆ ಕೊಡಬೇಕು.