ನೆನಪಿನ ಪರೀಕ್ಷೆಯ ಇಇಜಿ: ಮರೆತ ಪದಗಳಲ್ಲೇ ತೀಟಾ ಹೊಂದಾಣಿಕೆ ಹೆಚ್ಚು ಕಾಣುವುದೇಕೆ?

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ):
ನಮಸ್ಕಾರ. ಪದಗಳನ್ನು ಒಂದೊಂದಾಗಿ ತೋರಿಸಿ, ಸ್ವಲ್ಪ ಹೊತ್ತಿನ ಬಳಿಕ ನೆನಪಿರುವುವನ್ನು ಹೇಳಿಸಿದ ಪ್ರಯೋಗವೊಂದರ ಇಇಜಿ (ನೆತ್ತಿಯ ಮೇಲಿಟ್ಟ ವಿದ್ಯುದ್ವಾರಗಳು ಹಿಡಿಯುವ ಮೆದುಳಿನ ವಿದ್ಯುತ್ ಅಲೆಗಳ) ದಾಖಲೆಯನ್ನು ನನ್ನ ಪ್ರಬಂಧಕ್ಕಾಗಿ ವಿಶ್ಲೇಷಿಸುತ್ತಿದ್ದೇನೆ. ನೆನಪಿನಲ್ಲಿ ಉಳಿದ ಪದಗಳನ್ನು ಓದುವಾಗ ಹಣೆಭಾಗ ಮತ್ತು ತಲೆಯ ಹಿಂಭಾಗದ ತೀಟಾ ಅಲೆಗಳು, ಅಂದರೆ 4ರಿಂದ 8 ಹರ್ಟ್ಜ್‌ನವು, ಹೆಚ್ಚು ಹೊಂದಿಕೊಂಡಿರುತ್ತವೆ ಎಂದು ನಿರೀಕ್ಷಿಸಿದ್ದೆ. ಆದರೆ ಈ ಹೊಂದಾಣಿಕೆಯನ್ನು ಅಳೆಯುವ ಫೇಸ್ ಲಾಕಿಂಗ್ ಮೌಲ್ಯ ಮರೆತ ಪದಗಳಲ್ಲೇ ಹೆಚ್ಚಾಗಿದೆ. ಎಡವಿದ್ದೆಲ್ಲಿ?

ಉತ್ತರ 1:
ಎರಡೂ ಗುಂಪಿನಲ್ಲಿ ಎಷ್ಟೆಷ್ಟು ಪದಗಳಿವೆ ಎಂಬುದನ್ನು ಮೊದಲು ತಿಳಿಸಿ. ಎರಡು ಅಲೆಗಳ ಫೇಸ್ (ಏರಿಳಿತದ ಹಂತ) ಅಂತರ ಪದದಿಂದ ಪದಕ್ಕೆ ಬದಲಾಗದಿದ್ದರೆ ಈ ಮೌಲ್ಯ 1 ಆಗುತ್ತದೆ, ನಿಜ. ಆದರೆ ಸಂಬಂಧವೇ ಇಲ್ಲದ ಅಲೆಗಳಲ್ಲೂ ಅದು ಸೊನ್ನೆಗೆ ಇಳಿಯುವುದಿಲ್ಲ, ಏಕೆಂದರೆ ಮಾದರಿ ಚಿಕ್ಕದಾದಷ್ಟೂ ಆಕಸ್ಮಿಕ ಹೊಂದಾಣಿಕೆ ಅಳಿಸಿಹೋಗದೆ ಉಳಿಯುತ್ತದೆ. ಬರೀ ಆಕಸ್ಮಿಕದಿಂದಲೇ 100 ಪದಗಳಿದ್ದರೆ ಸುಮಾರು 0.09, 20 ಪದಗಳಿದ್ದರೆ ಸುಮಾರು 0.2 ಬರುತ್ತದೆ.

ಪ್ರಶ್ನೆ ಕೇಳಿದವರು:
ನೆನಪಾದವು ಸರಾಸರಿ 90, ಮರೆತವು 25ರ ಆಸುಪಾಸು. ಹಾಗಾಗಿ ನೆನಪಾದವುಗಳಿಂದಲೂ 25ನ್ನೇ ಯಾದೃಚ್ಛಿಕವಾಗಿ ಆರಿಸಿ, ಹಾಗೆ ಐನೂರು ಬಾರಿ ಮಾಡಿ ಸರಾಸರಿ ತೆಗೆದೆ. ವ್ಯತ್ಯಾಸ ಮಾಯವಾಗಿದೆ! ಆದರೆ ಈಗ ಎರಡೂ ಗುಂಪಿನಲ್ಲಿ ಅಕ್ಕಪಕ್ಕದ ವಿದ್ಯುದ್ವಾರಗಳ ನಡುವೆ ಮೌಲ್ಯ 0.8ನ್ನು ದಾಟುತ್ತಿದೆ.

ಉತ್ತರ 2:
ಅದು ಮೆದುಳಿನ ಭಾಗಗಳ ಸಂವಾದವಲ್ಲ. ಜಾತ್ರೆಯ ಒಂದೇ ಧ್ವನಿವರ್ಧಕದ ದನಿಯನ್ನು ಎರಡು ಮೈಕುಗಳು ಹಿಡಿದಂತೆ. ಒಂದೇ ಮೂಲದ ವಿದ್ಯುತ್ ಕ್ಷೇತ್ರ ತಲೆಬುರುಡೆ ಮತ್ತು ನೆತ್ತಿಯ ಚರ್ಮದ ಮೂಲಕ ಹರಡಿ, ಹಲವು ವಿದ್ಯುದ್ವಾರಗಳನ್ನು ಸಮಯದ ಅಂತರವೇ ಇಲ್ಲದೆ ಮುಟ್ಟುತ್ತದೆ. ಎಲ್ಲ ವಿದ್ಯುದ್ವಾರಗಳಿಗೂ ಒಂದೇ ರೆಫರೆನ್ಸ್ (ಹೋಲಿಕೆಗೆ ಬಳಸುವ ವಿದ್ಯುದ್ವಾರ) ಇರುವುದರಿಂದ ಅದರ ಏರಿಳಿತವೂ ಸುಳ್ಳು ಹೊಂದಾಣಿಕೆಯನ್ನು ತರುತ್ತದೆ. ಆದ್ದರಿಂದ 2004ರಲ್ಲಿ ನೋಲ್ಟೆ ಮತ್ತು ಸಂಗಡಿಗರು ಸೂಚಿಸಿದ ಇಮ್ಯಾಜಿನರಿ ಕೊಹೆರೆನ್ಸ್ ಅಥವಾ 2007ರಲ್ಲಿ ಸ್ಟಾಮ್ ತಂಡ ಮುಂದಿಟ್ಟ ಫೇಸ್ ಲ್ಯಾಗ್ ಇಂಡೆಕ್ಸ್ ಬಳಸಿ ನೋಡಿ. ಇವು ಶೂನ್ಯ ಅಂತರದ ಹೊಂದಾಣಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ದೂರದ ಎರಡು ಭಾಗಗಳು ನಿಜವಾಗಿಯೇ ಏಕಕಾಲಕ್ಕೆ ಮಿಡಿಯುತ್ತಿದ್ದರೆ ಅದೂ ಕೈತಪ್ಪುತ್ತದೆ. ನನ್ನ ಮಟ್ಟಿಗೆ, ಪ್ರಬಂಧಕ್ಕೆ ಸುಳ್ಳು ಫಲಿತಾಂಶಕ್ಕಿಂತ ಈ ನಷ್ಟವೇ ಲೇಸು.

ಉತ್ತರ 3:
ಹಿಂದಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆಯಿದೆ. ಹಾಗೆಂದು ಹೊಂದಾಣಿಕೆಯ ಕಲ್ಪನೆಯನ್ನೇ ಕೈಬಿಡಬೇಕಾಗಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಮೆದುಳಿನೊಳಗೆ ವಿದ್ಯುದ್ವಾರ ಅಳವಡಿಸಿದ್ದ ಅಪಸ್ಮಾರ ರೋಗಿಗಳಲ್ಲಿ ಫೆಲ್ ಮತ್ತು ಸಂಗಡಿಗರು 2001ರಲ್ಲಿ ಇದನ್ನೇ ಅಳೆದರು. ನೆನಪಿನಲ್ಲಿ ಉಳಿದ ಪದಗಳನ್ನು ಓದಿದಾಗ ನೆನಪಿಗೆ ಸಂಬಂಧಿಸಿದ ಮೆದುಳಿನ ಭಾಗಗಳಾದ ರೈನಲ್ ಕಾರ್ಟೆಕ್ಸ್ ಮತ್ತು ಹಿಪೊಕ್ಯಾಂಪಸ್ ನಡುವೆ 40 ಹರ್ಟ್ಜ್‌ನ ಸುತ್ತಮುತ್ತಲ ಗಾಮಾ ಅಲೆಗಳ ಹೊಂದಾಣಿಕೆ ಮೊದಲು ಏರಿ, ಆಮೇಲೆ ಇಳಿಯಿತು. ಆ ಇಳಿತವನ್ನೂ ಗಮನಿಸಿ. ಇಡೀ ಅವಧಿಯ ಸರಾಸರಿ ತೆಗೆದರೆ ಏರಿಳಿತಗಳು ಒಂದನ್ನೊಂದು ನುಂಗಿಬಿಡಬಹುದು. ಇದೂ ಕೂಡ ಸಹಸಂಬಂಧವೇ ಹೊರತು ಕಾರಣವಲ್ಲ. ಕಾರಣವನ್ನು ಹುಡುಕುವ ದಾರಿ ಬೇರೆ: 2017ರಲ್ಲಿ ಕ್ಲೌಟರ್, ಶಪಿರೊ ಮತ್ತು ಹಾನ್ಸ್ಲ್‌ಮೈರ್ ದೃಶ್ಯದ ಬೆಳಕನ್ನೂ ಧ್ವನಿಯ ಗಟ್ಟಿತನವನ್ನೂ 4 ಹರ್ಟ್ಜ್‌ನಲ್ಲಿ ಏರಿಳಿಸಿ, ಎರಡೂ ಒಟ್ಟಿಗೆ ಏರಿಳಿದಾಗ ಅವುಗಳ ಜೋಡಿ ಹೆಚ್ಚು ಚೆನ್ನಾಗಿ ನೆನಪಿನಲ್ಲಿ ಉಳಿಯಿತೆಂದು ವರದಿ ಮಾಡಿದರು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಫೇಸ್ ಲ್ಯಾಗ್ ಇಂಡೆಕ್ಸನ್ನು 200 ಮಿಲಿಸೆಕೆಂಡಿನ ತುಣುಕುಗಳಲ್ಲಿ ಲೆಕ್ಕಹಾಕಲು ಹೊರಟಿದ್ದೇನೆ.

ಉತ್ತರ 2:
ತಡೆಯಿರಿ. 5 ಹರ್ಟ್ಜ್‌ನ ಒಂದು ಆವರ್ತವೇ 200 ಮಿಲಿಸೆಕೆಂಡು ಹಿಡಿಯುತ್ತದೆ. ತೀಟಾಕ್ಕೆ ಕನಿಷ್ಠ ಮೂರು ಆವರ್ತಗಳಷ್ಟಾದರೂ ಉದ್ದದ ತುಣುಕು ಬೇಕು.